ಮೊಣಕೈಯಲ್ಲಿ ಸಿಲುಕಿದ ನರ: ಬಿಡಿಸಿದರೆ ಸಾಕೆ, ಜಾಗ ಬದಲಿಸಬೇಕೆ?

ಮೊಣಕೈ ಮಡಿಸಿದಾಗ, ಅಲ್ಲಿಂದ ಕೈಯತ್ತ ಸಾಗುವ ಅಲ್ನಾರ್ ನರಕ್ಕೆ ಎರಡು ಬಗೆಯ ತೊಂದರೆ ಒಟ್ಟಿಗೇ ಒದಗುತ್ತದೆ. ಅದರ ಮೇಲೆ ಹಾದಿರುವ ನಾರಿನ ಪಟ್ಟಿ ಬಿಗಿದು, ನರ ಹಾದುಹೋಗುವ ಸುರಂಗದ ಒಳಜಾಗ ಕಿರಿದಾಗುತ್ತದೆ. ನರವೂ ಎಳೆತಕ್ಕೆ ಸಿಲುಕುತ್ತದೆ. ಮೊದಲು ಕಿರುಬೆರಳು ಮತ್ತು ಉಂಗುರಬೆರಳಿನ ಒಂದು ಪಕ್ಕ ಜೋಮುಗಟ್ಟುತ್ತವೆ; ನಿರ್ಲಕ್ಷಿಸಿದರೆ ಕೈಯ ಸಣ್ಣ ಸ್ನಾಯುಗಳು ಸೊರಗಿ, ಬೀಗದ ಕೈ ತಿರುಗಿಸುವುದೂ ಕಷ್ಟವಾಗುತ್ತದೆ. ಎಳೆತವನ್ನೇ ಮುಖ್ಯ ಕಾರಣವೆಂದು ಕಂಡವರು 19ನೆಯ ಶತಮಾನದ ಕೊನೆಯಿಂದಲೂ ನರವನ್ನು ಮೊಣಕೈಯ ಮುಂಬದಿಗೆ ಸರಿಸುತ್ತ ಬಂದರು. 1957ರಲ್ಲಿ ಶಸ್ತ್ರವೈದ್ಯ ಆಸ್ಬರ್ನ್ ಆ ಪಟ್ಟಿಯನ್ನಷ್ಟೇ ಸೀಳುವ ಸರಳ ಮಾರ್ಗವನ್ನು ಮುಂದಿಟ್ಟರು. ನಿರ್ದಿಷ್ಟ ಕಾರಣ ಕಾಣದ ಪ್ರಕರಣಗಳಲ್ಲಿ ಮೊದಲ ಶಸ್ತ್ರಚಿಕಿತ್ಸೆ ಈ ಸರಳ ಬಿಡುಗಡೆಯೇ ಆಗಿರಬೇಕು ಎಂಬುದು ಈ ಲೇಖನದ ವಾದ.

ನರವನ್ನು ಮುಂದಕ್ಕೆ ಸರಿಸುವ ಸ್ಥಳಾಂತರವು ಒತ್ತಡ, ಎಳೆತ ಎರಡನ್ನೂ ನೀಗುವುದರಿಂದ ಅದೇ ಮೇಲೆಂದು ತರ್ಕ ಹೇಳುತ್ತದೆ. ಆದರೆ ರೋಗಿಗಳ ಫಲಿತಾಂಶ ಹಾಗೆ ಹೇಳುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬಾರ್ಟೆಲ್ಸ್ ಮತ್ತು ಸಂಗಡಿಗರು 152 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಗುಣವಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತೊಡಕುಗಳು ಮಾತ್ರ ಸರಳ ಬಿಡುಗಡೆಯಲ್ಲಿ ಶೇ. 9.6, ಸ್ಥಳಾಂತರದಲ್ಲಿ ಶೇ. 31.1. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯೂ ಎರಡೂ ಸಮಾನ ಫಲಕಾರಿ, ಗಾಯದ ಸೋಂಕು ಸ್ಥಳಾಂತರದಲ್ಲೇ ಹೆಚ್ಚು ಎಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ನರವನ್ನು ಉದ್ದಕ್ಕೂ ಬಿಡಿಸಿ ಎತ್ತುವಾಗ ಅದಕ್ಕೆ ಅಲ್ಲಲ್ಲಿ ರಕ್ತ ಒದಗಿಸುವ ಸಣ್ಣ ನಾಳಗಳು ಕಡಿಯುತ್ತವೆ. ಗಾಯವೂ ದೊಡ್ಡದಾಗುತ್ತದೆ, ಚರ್ಮದ ಸಂವೇದನೆಯ ಕವಲುಗಳಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚುತ್ತದೆ.

ತೀವ್ರವಾಗಿ ಹಾನಿಗೊಂಡ ನರಕ್ಕೆ ದೊಡ್ಡ ಚಿಕಿತ್ಸೆಯೇ ಬೇಕೆಂಬ ಆಕ್ಷೇಪವನ್ನು ಅದೇ ವಿಮರ್ಶೆ ಒಪ್ಪುವುದಿಲ್ಲ. ತೀವ್ರ ಪ್ರಕರಣಗಳಲ್ಲೂ ಫಲ ಸಮಾನವೇ. ಅಲ್ಲಿ ನಿರ್ಣಾಯಕವಾಗುವುದು ಕಾಲ. ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಕೈಯ ಸ್ನಾಯು ಮುಟ್ಟಲು ವರ್ಷವೇ ಬೇಕಾದೀತು, ಅಷ್ಟರಲ್ಲಿ ಸ್ನಾಯು ಮರಳಿ ಚೇತರಿಸಲಾರದಷ್ಟು ಸೊರಗಿರಬಹುದು. ಮಡಿಸಿದಾಗ ನರ ಮೂಳೆಯ ಉಬ್ಬಿನ ಮೇಲೆ ಜಾರುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೂ ಇಂಥ ಜಾರುವಿಕೆ ಆರೋಗ್ಯವಂತರಲ್ಲೂ ಅಪರೂಪವಲ್ಲ. ಪಟ್ಟಿ ಸೀಳಿದ ಮೇಲೆ ಮೊಣಕೈ ಮಡಿಸಿ ನೋಡಿ, ನರ ಪೂರ್ತಿ ಹೊರಜಾರಿದರೆ ಆಗ ಮುಂದಕ್ಕೆ ಸರಿಸುವುದು ನ್ಯಾಯವೇ.

ಈ ಪುರಾವೆಗೆ ಮಿತಿಯೂ ಇದೆ, ಅದನ್ನು ಮರೆಯುವುದು ಸಲ್ಲ. ಬಾಲ್ಯದಲ್ಲಿ ಮುರಿದ ಮೂಳೆ ಸರಿಯಾಗಿ ಕೂಡದೆ ಮೊಣಕೈ ಸೊಟ್ಟಗಾದವರಿಗೆ, ಗೆಡ್ಡೆಯಿರುವವರಿಗೆ, ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಭಾರತದಲ್ಲಿ ಕುಷ್ಠರೋಗವನ್ನೂ ನೆನಪಿಡಬೇಕು: ಅದು ಬಹಳ ಸಲ ಹಿಡಿಯುವುದು ಇದೇ ನರವನ್ನು. ನರ ದಪ್ಪಗಾಗಿ ಮುಟ್ಟಿದರೆ ನೋಯುತ್ತಿದ್ದರೆ ಕತ್ತಿ ಹಿಡಿಯುವ ಮುನ್ನ ಚರ್ಮದ ಮಚ್ಚೆ, ಸ್ಪರ್ಶಜ್ಞಾನಗಳ ಪರೀಕ್ಷೆ ಆಗಲೇಬೇಕು. ಇಂಥವರನ್ನು ಬಿಟ್ಟು ಉಳಿದವರಲ್ಲಿ ನರದ ಜಾಗ ಬದಲಿಸುವ ವೈದ್ಯರು ಅದಕ್ಕೆ ಕಾರಣವನ್ನು ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಬರೆದಿಡಲಿ, ರೋಗಿಗೂ ಮೊದಲೇ ತಿಳಿಸಲಿ.