ಬಾಡಿಗೆಗೆ ಕಡಿವಾಣ ಬಿದ್ದ ಬಗೆ

ಮೊದಲ ಮಹಾಯುದ್ಧದ ಕಾಲ. ಹಡಗುಕಟ್ಟೆ, ಮದ್ದುಗುಂಡಿನ ಕಾರ್ಖಾನೆಗಳಿಗೆ ಕಾರ್ಮಿಕರು ಬಂದು ಸೇರಿದಂತೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮನೆಗಳಿಗೆ ಅಭಾವ ಉಂಟಾಯಿತು. ಮಾಲೀಕರು ಬಾಡಿಗೆ ಏರಿಸಿದರು. ಗಂಡಸರು ಅನೇಕರು ರಣರಂಗದಲ್ಲಿದ್ದರು. ಮನೆ ಖಾಲಿ ಮಾಡಿಸಲು ಬಂದ ಅಮೀನರನ್ನು ತಡೆದವರು ಹೆಂಗಸರು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಅವರ ಮುಂದಾಳು. ಏರಿಸಿದ ಬಾಡಿಗೆ ತೆರುವುದಿಲ್ಲವೆಂಬುದೇ ಪಟ್ಟು.

1915ರ ನವೆಂಬರ್ 17ರಂದು ಕೆಲವರನ್ನು ಕೋರ್ಟಿಗೆ ಎಳೆದಾಗ ಸಾವಿರಾರು ಜನ ಮುತ್ತಿದರು. ಹಡಗುಕಟ್ಟೆಯವರೂ ಕೆಲಸ ಬಿಟ್ಟು ಬಂದರು. ಯುದ್ಧಸಾಮಗ್ರಿಗೆ ಕುತ್ತು ಬಂದೀತೆಂದು ಬೆದರಿದ ಸರ್ಕಾರ ಡಿಸೆಂಬರಿನಲ್ಲೇ ಕಾಯ್ದೆ ತಂದು, ಸಣ್ಣ ಮನೆಗಳ ಬಾಡಿಗೆಯನ್ನು 1914ರ ಆಗಸ್ಟ್ ಮಟ್ಟಕ್ಕೆ ಕಟ್ಟಿಹಾಕಿತು.

1918ರಲ್ಲಿ ಮುಂಬಯಿಗೂ ಅಂಥ ಕಾಯ್ದೆ ಬಂತು. ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದೇ ಸಾಲಿನದು. ಅದರ ಜಾಗಕ್ಕೆ ಬಂದ 1999ರ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ಹೊರಗಿಟ್ಟಿತು. ಹಾಗೆ ಹೊರಗುಳಿದವರಿಗೆ ಕರಾರುಪತ್ರವೇ ಮುಖ್ಯ ಆಸರೆ.