ಡಿಕ್ಕಿಗೆ ಗುದ್ದಿದರೆ ದುಡ್ಡು ಯಾರದು?

ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ, ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್‌ಗೆ, ಗೊರಗುಂಟೆಪಾಳ್ಯದಿಂದ ಪೀಣ್ಯಕ್ಕೆ ದಿನಾ ಓಡಾಡುವವರಿಗೆ ಆ 'ಡಬ್' ಅನ್ನೋ ಸದ್ದು ಗೊತ್ತಿದ್ದೇ ಇರುತ್ತೆ. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಯಾರ ಪ್ರಾಣವೂ ಹೋಗಲ್ಲ, ಹೋಗೋದು ಬಂಪರ್ ಮಾತ್ರ. ಇಬ್ಬರೂ ಇಳೀತಾರೆ. 'ನೋಡ್ಕೊಂಡು ಓಡ್ಸಕ್ಕಾಗಲ್ವಾ?' ಅಂತ ಒಬ್ಬ, 'ನೀವು ಸಡನ್ನಾಗಿ ಬ್ರೇಕ್ ಹಾಕಿದ್ರಿ ಸಾರ್' ಅಂತ ಇನ್ನೊಬ್ಬ. ಹಿಂದೆ ನೂರು ಹಾರ್ನು. ಕೊನೆಗೆ ಇನ್ಶೂರೆನ್ಸ್ ಮಾತು ಬಂದಾಗ ಗುದ್ದಿದವನು ಹೇಳೋದು ಒಂದೇ: 'ನಿಮ್ಮದು ಫುಲ್ ಇನ್ಶೂರೆನ್ಸ್ ಇದೆಯಲ್ಲ ಸಾರ್, ಅದರಲ್ಲೇ ಮಾಡಿಸ್ಕೊಳ್ಳಿ.'

ಗುದ್ದಿದ್ದು ಅವನು, ಕ್ಲೇಮು ಮಾತ್ರ ನನ್ನ ಪಾಲಿಸಿಯಲ್ಲಿ! ಕೇಳೋಕೆ ಅನ್ಯಾಯ ಅನಿಸುತ್ತೆ. ಆದರೆ ನಿಮ್ಮ ವಿಮಾ ಕಂಪನಿಗೆ ಫೋನ್ ಮಾಡಿದರೂ, ಸರ್ವೀಸ್ ಸೆಂಟರಿನವರನ್ನು ಕೇಳಿದರೂ ಸಾಮಾನ್ಯವಾಗಿ ಇದೇ ಉತ್ತರ. ಹೀಗೇಕೆ ಅಂತ ತಿಳಿಯಬೇಕಾದರೆ ಪಾಲಿಸಿಯ ಸಣ್ಣಕ್ಷರ ಓದಿದರೆ ಸಾಲದು, ಸ್ವಲ್ಪ ಇತಿಹಾಸಕ್ಕೆ ಹೋಗಬೇಕು.

ವಿಮೆ ಇಲ್ಲದ ಕಾಲದಲ್ಲಿ ಏನು ನಡೀತಿತ್ತು ಅಂತ ಊಹಿಸೋದು ನಮ್ಮಂಥ ಹಳ್ಳಿ ಕಡೆಯವರಿಗೆ ಕಷ್ಟವಲ್ಲ. ಎತ್ತಿನ ಗಾಡಿ ಇನ್ನೊಂದು ಗಾಡಿಗೆ ತಾಗಿ ಕೀಲು ಮುರಿದರೆ ಅರಳಿಕಟ್ಟೆ ಮೇಲೆ ನಾಲ್ಕು ಜನ ಹಿರಿಯರು ಕೂತು 'ಇಷ್ಟು ಕೊಟ್ಟುಬಿಡಪ್ಪ' ಅಂತ ತೀರ್ಮಾನ ಮಾಡೋರು. ಇಬ್ಬರೂ ಒಂದೇ ಊರಿನವರು, ನಾಳೆ ಮತ್ತೆ ಮುಖ ನೋಡಬೇಕಾದವರು, ಹಾಗಾಗಿ ಅದು ನಡೀತಿತ್ತು. ಮೋಟಾರು ಬಂದಮೇಲೆ ಗುದ್ದಿದವನು ಯಾವ ಊರಿನವನೋ, ಪೆಟ್ಟು ತಿಂದವನು ಯಾವ ಊರಿನವನೋ. ಅರಳಿಕಟ್ಟೆ ನ್ಯಾಯ ಅಲ್ಲಿಗೆ ಮುಗೀತು.

ಆಗ ಉಳಿದದ್ದು ಸಿವಿಲ್ ಕೋರ್ಟು. ಸತ್ತವರ ಮನೆಯವರು ಪರಿಹಾರ ಕೇಳಬೇಕಾದರೆ 1855ರ ಫೇಟಲ್ ಆಕ್ಸಿಡೆಂಟ್ಸ್ ಆಕ್ಟ್ ಹಿಡಿದು ದಾವೆ ಹೂಡಬೇಕು. ಆ ಕಾಯ್ದೆ ಹುಟ್ಟಿದಾಗ ಮೋಟಾರು ಕಾರು ಅನ್ನೋದೇ ಇರಲಿಲ್ಲ. ಕೋರ್ಟ್ ಫೀ ಕಟ್ಟಿ, ವಕೀಲರನ್ನಿಟ್ಟು, ವರ್ಷಗಟ್ಟಲೆ ಅಲೆದು ಗೆದ್ದರೂ ಎದುರಾಳಿ ಹತ್ತಿರ ದುಡ್ಡೇ ಇಲ್ಲದಿದ್ದರೆ ಡಿಕ್ರಿ ಕಾಗದವನ್ನು ಉಪ್ಪಿನಕಾಯಿ ಹಾಕಬೇಕಷ್ಟೆ.

ಈ ಸಮಸ್ಯೆ ನಮ್ಮದು ಮಾತ್ರ ಆಗಿರಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ ವಾಹನ ವಿಮೆಯನ್ನು ಕಡ್ಡಾಯ ಮಾಡಿತು. ಬ್ರಿಟನ್ 1930ರ ರೋಡ್ ಟ್ರಾಫಿಕ್ ಆಕ್ಟ್ ಮೂಲಕ ಅದೇ ದಾರಿ ಹಿಡಿಯಿತು. ಇಲ್ಲಿ 1936-37ರಲ್ಲಿ ಮೋಟಾರು ವಾಹನ ವಿಮೆಯ ಬಗ್ಗೆ ಒಂದು ಸಮಿತಿ ಕೂತು ವರದಿ ಕೊಟ್ಟಿತು, 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಕಾಯ್ದೆ ಬಂದರೂ ಕಡ್ಡಾಯ ವಿಮೆಯ ಅಧ್ಯಾಯ ಜಾರಿಯಾಗಿದ್ದು ಮಾತ್ರ 1946ರ ಜುಲೈ 1ರಂದು. ಮಧ್ಯದಲ್ಲಿ ಒಂದು ಮಹಾಯುದ್ಧವೇ ಮುಗಿದುಹೋಗಿತ್ತು.

ಇಲ್ಲೊಂದು ಮುಖ್ಯ ವಿಷಯ ಇದೆ. ಈ ಕಾಯ್ದೆ ಕಣ್ಣ ಮುಂದೆ ಇಟ್ಟುಕೊಂಡಿದ್ದು ಗಾಡಿಗೆ ಸಿಕ್ಕಿ ಕೈಕಾಲು ಕಳಕೊಂಡ ದಾರಿಹೋಕನನ್ನು, ಸತ್ತವನ ಹೆಂಡತಿ ಮಕ್ಕಳನ್ನು. ಅದಕ್ಕೇ 'ಥರ್ಡ್ ಪಾರ್ಟಿ' ಅನ್ನೋ ಹೆಸರು. ಮೊದಲನೆಯವನು ಗಾಡಿ ಮಾಲೀಕ, ಎರಡನೆಯವರು ವಿಮಾ ಕಂಪನಿ, ಇಬ್ಬರ ಒಪ್ಪಂದಕ್ಕೆ ಸಂಬಂಧವೇ ಇಲ್ಲದೆ ಪೆಟ್ಟು ತಿಂದವನು ಮೂರನೆಯವನು. ಕಾನೂನಿಗೆ ಬೇಕಾಗಿದ್ದು ಅವನ ಜೀವ. ನಮ್ಮ ಬಂಪರ್ ಈ ಮನೆಗೆ ತಡವಾಗಿ ಬಂದ ನೆಂಟ.

1956ರ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾಯಿತು. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟೇ ಈ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತೆ. 1968ರಲ್ಲಿ ವಿಮಾ ಕಾಯ್ದೆಗೇ ತಿದ್ದುಪಡಿ ಬಂತು. ಪ್ರೀಮಿಯಂ ಕೈ ಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ, ಒಂದು ಮೊತ್ತ ದಾಟಿದ ಕ್ಲೇಮಿಗೆ ಲೈಸೆನ್ಸ್ ಇರುವ ಸರ್ವೇಯರ್ ವರದಿ ಬೇಕೇ ಬೇಕು ಅನ್ನೋ ನಿಯಮಗಳು ಆಗಿನವು. ಇವತ್ತು ಗ್ಯಾರೇಜಿನಲ್ಲಿ ಸರ್ವೇಯರ್ ದಾರಿ ಕಾಯ್ತಾ ಕೂರ್ತೀವಲ್ಲ, ಅದರ ಬೇರು ಅಲ್ಲಿದೆ.

1973ರ ಜನವರಿ 1ಕ್ಕೆ ಸಾಮಾನ್ಯ ವಿಮೆ ಪೂರ್ತಿ ರಾಷ್ಟ್ರೀಕರಣ ಆಯ್ತು. ನೂರೇಳು ವಿಮಾ ಸಂಸ್ಥೆಗಳು ಸೇರಿ ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ. ನಾಲ್ಕಕ್ಕೂ ಒಬ್ಬನೇ ಯಜಮಾನ, ಸರ್ಕಾರ. ದರ ಎಲ್ಲ ಕಡೆ ಒಂದೇ.

ಹಿಂದಿನಿಂದ ಗುದ್ದಿದವನ 'ನಿಮ್ಮದರಲ್ಲೇ ಮಾಡಿಸ್ಕೊಳ್ಳಿ'ಗೆ ಅರ್ಥ ಸಿಗೋದು ಇಲ್ಲಿ. ವಿಮಾ ಲೋಕದಲ್ಲಿ 'ನಾಕ್ ಫಾರ್ ನಾಕ್' ಅಂತ ಒಂದು ಒಪ್ಪಂದ ಇದೆ. ಎರಡು ಗಾಡಿ ಡಿಕ್ಕಿಯಾದಾಗ ತಪ್ಪು ಯಾರದು ಅಂತ ಕಂಪನಿಗಳು ಒಬ್ಬರ ಮೇಲೊಬ್ಬರು ಕೇಸು ಹಾಕೋದು ಬೇಡ, ಅವರವರ ಗಿರಾಕಿಯ ಗಾಡಿ ರಿಪೇರಿ ಅವರವರೇ ಮಾಡಿಸಿಕೊಡಲಿ ಅನ್ನೋದು ಅದರ ಸಾರ. ಇದರಲ್ಲಿ ತರ್ಕ ಇದೆ. ಇವತ್ತು ನಿಮ್ಮ ಗಿರಾಕಿ ನಮ್ಮವನಿಗೆ ಗುದ್ದಿದ, ನಾಳೆ ನಮ್ಮವನು ನಿಮ್ಮವನಿಗೆ ಗುದ್ದುತ್ತಾನೆ, ವರ್ಷದ ಕೊನೆಗೆ ಲೆಕ್ಕ ಸುಮಾರಾಗಿ ಸರಿಹೋಗುತ್ತೆ. ವಕೀಲರ ಖರ್ಚು ಉಳಿಯುತ್ತೆ, ಗಿರಾಕಿಗೂ ಬೇಗ ರಿಪೇರಿ ಆಗುತ್ತೆ. ಕಂಪನಿ ಕಂಪನಿ ನಡುವೆ ಹೌದು, ಲೆಕ್ಕ ಸರಿ. ಆದರೆ ಮನುಷ್ಯ ಮನುಷ್ಯನ ನಡುವೆ ಅದು ಸರಿಹೋಗಲ್ಲ. ಹುಷಾರಾಗಿ ಓಡಿಸುವವನ ಹೆಸರಲ್ಲಿ ಕ್ಲೇಮು ಬೀಳುತ್ತೆ, ಗುದ್ದಿದವನ ದಾಖಲೆ ಚೊಕ್ಕವಾಗಿ ಉಳಿಯುತ್ತೆ.

ಆಗ ಇದು ದೊಡ್ಡ ವಿಷಯ ಆಗಿರಲಿಲ್ಲ, ಯಾಕಂದ್ರೆ ಕಾರುಗಳೇ ಕಡಿಮೆ. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್ ಕಟ್ಟಲು ಹೊರಟಾಗ ಹೊಸೂರು ರಸ್ತೆಯ ಆ ಭಾಗ ಊರ ಹೊರಗಿನ ಹೊಲಗದ್ದೆ. 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಶುರುವಾದ ವೈಟ್‌ಫೀಲ್ಡ್ ಐಟಿಪಿಎಲ್ ಬರೋವರೆಗೂ ಬಹುಮಟ್ಟಿಗೆ ಹಳ್ಳಿಯೇ. ಪೀಣ್ಯದಲ್ಲಿ ಲಾರಿ, ಟೆಂಪೋ ಇದ್ದವು, ಕಾರಿನ ಸಾಲು ಇರಲಿಲ್ಲ. ಆಮೇಲೆ ನಾವೆಲ್ಲ ಬಂದೆವು, ಇಎಂಐ ಕಟ್ಟಿ ಕಾರು ತಂದೆವು. ಹೊಸೂರು ರಸ್ತೆಗೆ 2010ರಲ್ಲಿ ಸುಮಾರು ಹತ್ತು ಕಿಲೋಮೀಟರಿನ ಮೇಲ್ರಸ್ತೆ ಬಂದರೂ ಕೆಳಗೆ ಬಂಪರಿಗೆ ಬಂಪರ್ ತಾಗೋದು ನಿಲ್ಲಲಿಲ್ಲ.

ಈ ನಡುವೆ 1988ರ ಹೊಸ ಮೋಟಾರು ವಾಹನ ಕಾಯ್ದೆ ಬಂದು 1989ರ ಜುಲೈ 1ರಿಂದ ಜಾರಿಯಾಯ್ತು. ಕಾನೂನಿನ ಮನಸ್ಸು ಎಲ್ಲಿದೆ ಅಂತ ತಿಳಿಯೋಕೆ ಅದರ 147ನೇ ಸೆಕ್ಷನ್ ನೋಡಬೇಕು. ಮೂರನೆಯವರ ಸಾವು, ಗಾಯಕ್ಕೆ ವಿಮಾ ಕಂಪನಿಯ ಹೊಣೆಗೆ ಮಿತಿಯೇ ಇಲ್ಲ, ಎಷ್ಟು ತೀರ್ಪಾಗುತ್ತೋ ಅಷ್ಟು. ಮೂರನೆಯವರ ಆಸ್ತಿ ಹಾನಿಗೆ ಮಾತ್ರ ಕಾಯ್ದೆ ಕಡ್ಡಾಯ ಮಾಡಿದ್ದು 6,000 ರೂಪಾಯಿ! ಜೀವಕ್ಕೆ ಆಕಾಶವೇ ಮಿತಿ, ಬಂಪರಿಗೆ ಆರು ಸಾವಿರ. ಜೀವ ದೊಡ್ಡದು, ಅದು ಸರಿಯೇ. ಆದರೆ ಇವತ್ತಿನ ಕಾರಿನ ಒಂದು ಎಲ್‌ಇಡಿ ಟೈಲ್ ಲ್ಯಾಂಪಿಗೇ ಆರು ಸಾವಿರ ಸಾಲದೇ ಹೋಗಬಹುದು.

ಪುಣ್ಯಕ್ಕೆ ಪಾಲಿಸಿಗಳು ಕಾಯ್ದೆಗಿಂತ ಉದಾರ. 2002ರ ಇಂಡಿಯನ್ ಮೋಟಾರ್ ಟ್ಯಾರಿಫ್ ಪ್ರಕಾರ ಕಾರಿನ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಆಸ್ತಿ ಹಾನಿಗೆ ಏಳೂವರೆ ಲಕ್ಷದವರೆಗೆ, ದ್ವಿಚಕ್ರ ವಾಹನಕ್ಕೆ ಒಂದು ಲಕ್ಷದವರೆಗೆ ರಕ್ಷಣೆ ಇದೆ. ಬೇಡ ಅಂದವರು 6,000ಕ್ಕೆ ಇಳಿಸಿಕೊಂಡು ಪ್ರೀಮಿಯಂನಲ್ಲಿ ಸಣ್ಣ ರಿಯಾಯಿತಿ ಪಡೀಬಹುದು. ಅಂದರೆ ನಿಮಗೆ ಗುದ್ದಿದ ಟೆಂಪೋದ ಡ್ಯಾಶ್‌ಬೋರ್ಡಿನಲ್ಲಿ ಮಡಚಿಟ್ಟ ಕಾಗದದಲ್ಲಿ ನಿಮ್ಮ ಬಂಪರಿಗೆ ಬೇಕಾದ ದುಡ್ಡು ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ಹೊರಗೆ ತೆಗೆಯುವ ದಾರಿ ಮಾತ್ರ ನ್ಯಾಯಮಂಡಳಿಯ ಮೂಲಕ ಹೋಗುತ್ತೆ. ಪೊಲೀಸ್ ದೂರು, ವಕೀಲರು, ತಾರೀಖು. ಎಂಟು ಸಾವಿರದ ಬಂಪರಿಗೆ ಯಾರು ರಜೆ ಹಾಕಿ ಕೋರ್ಟಿಗೆ ಹೋಗ್ತಾರೆ?

ತಪ್ಪು ಯಾರದು ಅನ್ನೋ ವಿಷಯದಲ್ಲಿ ಕಾನೂನಿಗೆ ಹೆಚ್ಚು ಗೊಂದಲ ಇಲ್ಲ. ಮುಂದಿನ ಗಾಡಿ ಥಟ್ಟನೆ ನಿಧಾನ ಮಾಡಿದರೂ, ನಿಂತರೂ ತಾಗದಷ್ಟು ಅಂತರವನ್ನು ಹಿಂದಿನವನು ಕಾಯ್ದುಕೊಳ್ಳಬೇಕು ಅಂತ 1989ರ ರಸ್ತೆ ನಿಯಮಗಳೇ ಹೇಳಿದ್ದವು. 2018ರಲ್ಲಿ ನಿಶಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ನಿಯಮವನ್ನು ಎತ್ತಿ ಹಿಡಿಯಿತು. ಮುಂದಿದ್ದ ಲಾರಿ ಏಕಾಏಕಿ ಬ್ರೇಕ್ ಹಾಕಿತು ಅನ್ನೋದು ಅಲ್ಲಿನ ವಾದ. ಹತ್ತು ಹದಿನೈದು ಅಡಿ ಅಂತರದಲ್ಲಿ ಹಿಂಬಾಲಿಸಿದ ಕಾರಿನ ಚಾಲಕ ಸಾಕಷ್ಟು ದೂರ ಬಿಟ್ಟಿರಲಿಲ್ಲ ಅಂತ ಕೋರ್ಟ್ ಹೇಳಿತು. ಔಟರ್ ರಿಂಗ್ ರೋಡಿನಲ್ಲಿ ಹದಿನೈದು ಅಡಿ ಬಿಟ್ಟರೆ ಅಲ್ಲಿ ಎರಡು ಸ್ಕೂಟರ್, ಒಂದು ಆಟೋ ಬಂದು ಸೇರಿಕೊಳ್ಳುತ್ತೆ, ಅದು ಬೇರೆ ಮಾತು.

ಖಾಸಗಿ ವಿಮಾ ಕಂಪನಿಗಳು ಬಂದದ್ದು 2000ದಿಂದ ಈಚೆಗೆ. 2007ರ ಜನವರಿ 1ರಿಂದ ಸ್ವಂತ ಗಾಡಿಯ ಹಾನಿಯ ದರವನ್ನು ಕಂಪನಿಗಳ ಪೈಪೋಟಿಗೆ ಬಿಟ್ಟರು, ಥರ್ಡ್ ಪಾರ್ಟಿ ದರವನ್ನು ಮಾತ್ರ ಈಗಲೂ ಸರ್ಕಾರವೇ ನಿಗದಿ ಮಾಡುತ್ತೆ. 2022ರ ಜೂನ್‌ನಿಂದ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ ಅಂತ ಗೊತ್ತುಮಾಡಿದ್ದು ಹಾಗೆ. ಒಂದೇ ಪಾಲಿಸಿಯೊಳಗೆ ಹೀಗೆ ಎರಡು ಪ್ರಪಂಚ ಇದೆ: ಒಂದು ಸಮಾಜಕ್ಕಾಗಿ ಹುಟ್ಟಿದ್ದು, ಇನ್ನೊಂದು ನಿಮ್ಮ ಕಾರಿಗಾಗಿ ನೀವೇ ಕೊಂಡದ್ದು.

ಕೊಂಡದ್ದರ ಲೆಕ್ಕವನ್ನೂ ನೋಡೋಣ, ನಮ್ಮ ಜನಕ್ಕೆ ಎಕ್ಸೆಲ್ ಶೀಟ್ ಇಲ್ಲದೆ ನಂಬಿಕೆ ಬರಲ್ಲ. ಬಿಲ್ಲು 9,000 ಅಂದ್ಕೊಳ್ಳಿ: ಬಂಪರ್ 4,000, ಪೇಂಟು ಮತ್ತು ಕೂಲಿ 5,000. ಪ್ಲಾಸ್ಟಿಕ್ಕಿಗೆ ಅರ್ಧದಷ್ಟು ಸವಕಳಿ, 2,000 ಹೋಯ್ತು. ಸಣ್ಣ ಕಾರಿಗೆ ಕಡ್ಡಾಯ ಕಡಿತ 1,000. ಹೆಚ್ಚೆಂದರೆ ಕೈಗೆ 6,000. ಈಗ ನೋ ಕ್ಲೇಮ್ ಬೋನಸ್. ಅದು ಏರೋದು 20, 25, 35, 45, 50 ಶೇಕಡಾ ಮೆಟ್ಟಿಲಲ್ಲಿ. 50ರಲ್ಲಿದ್ದವರು ಒಂದು ಕ್ಲೇಮ್ ಮಾಡಿದರೆ ಸೀದಾ ಸೊನ್ನೆ, ಹಾವು ಏಣಿ ಆಟದಲ್ಲಿ 99ರ ಹಾವು ಕಚ್ಚಿದ ಹಾಗೆ. ಸ್ವಂತ ಹಾನಿಯ ಪ್ರೀಮಿಯಂ ಬೋನಸ್ಸಿಗೆ ಮುಂಚೆ ವರ್ಷಕ್ಕೆ 12,000 ಅಂತ ಇಟ್ಟುಕೊಂಡರೆ, ಮೊದಲ ವರ್ಷ 6,000, ಎರಡನೇ ವರ್ಷ 3,600, ಆಮೇಲೆ 3,000, 1,800, 600. ಮತ್ತೆ 50 ಮುಟ್ಟೋ ಹೊತ್ತಿಗೆ ಒಟ್ಟು 15,000 ನಷ್ಟ. ವರ್ಷದಿಂದ ವರ್ಷಕ್ಕೆ ಕಾರಿನ ಬೆಲೆ ಇಳಿದು ಪ್ರೀಮಿಯಂ ಕಡಿಮೆಯಾದರೂ, ಆರು ಸಾವಿರಕ್ಕಾಗಿ ಕ್ಲೇಮ್ ಮಾಡೋದು ಲಾಭ ಅಲ್ಲ. ಬಂಪರ್ ಟು ಬಂಪರ್, ಬೋನಸ್ ಪ್ರೊಟೆಕ್ಟ್ ಅಂತ ಆಡ್-ಆನ್‌ಗಳು ಹುಟ್ಟಿದ್ದು ಈ ಸಂಕಟದಿಂದಲೇ, ಅದಕ್ಕೂ ಬೇರೆ ದುಡ್ಡು.

ಹೀಗೆ ಕೋರ್ಟೂ ದೂರ, ಕ್ಲೇಮೂ ದುಬಾರಿ ಆದಾಗ ಉಳಿಯೋದು ರಸ್ತೆ ಮೇಲಿನ ಪಂಚಾಯ್ತಿ. 'ಎರಡು ಸಾವಿರ ಕೊಟ್ಟು ಹೋಗು.' ಕಾರಿನವನು ಕಾರಿನವನಿಗೆ ಗುದ್ದಿದರೆ ಯುಪಿಐನಲ್ಲಿ ಮುಗಿಯುತ್ತೆ. ಗುದ್ದಿದವನು ಪೀಣ್ಯದಿಂದ ಮಾಲು ತುಂಬಿಕೊಂಡು ಹೊರಟ ಬಾಡಿಗೆ ಟೆಂಪೋ ಡ್ರೈವರ್ ಆದರೆ? ಆ ಎರಡು ಸಾವಿರ ಅವನ ಎರಡು ಮೂರು ದಿನದ ದುಡಿಮೆ. ಗಾಡಿ ಮಾಲೀಕ ಕಟ್ಟಿದ ಪ್ರೀಮಿಯಂ, ಏಳೂವರೆ ಲಕ್ಷದ ರಕ್ಷಣೆ ಎಲ್ಲ ಅವನ ಕೈಯಳತೆಯಲ್ಲೇ ಇದ್ದೂ ಅವನು ಜೇಬಿಗೆ ಕೈ ಹಾಕ್ತಾನೆ. ಅವನ ಕೀ ಕಿತ್ಕೊಂಡು, ಲೈಸೆನ್ಸ್ ಇಟ್ಕೊಂಡು 'ದುಡ್ಡು ತಂದು ಬಿಡಿಸ್ಕೋ' ಅನ್ನೋ ಎಂಜಿನಿಯರುಗಳನ್ನೂ ನೋಡಿದ್ದೀನಿ. ಅರಳಿಕಟ್ಟೆಯಲ್ಲಿ ಹಿರಿಯರಾದರೂ ಇರುತ್ತಿದ್ದರು. ಇಲ್ಲಿ ಇರೋದು ಜೋರು ಬಾಯಿ, ದೊಡ್ಡ ಕಾರು, ಕೆಲವು ಸಲ ಭಾಷೆ. ಗುದ್ದಿದವನು ಬಡವನಾದರೂ ಪೆಟ್ಟು ತಿಂದವನಿಗೆ ಪರಿಹಾರ ಸಿಗಲಿ, ಗುದ್ದಿದವನ ಸಂಸಾರವೂ ಮುಳುಗದಿರಲಿ ಅಂತಲೇ ತಾನೆ 1946ರಿಂದ ಆ ಕಾಗದ ಕಡ್ಡಾಯ ಆಗಿದ್ದು?

2019ರ ತಿದ್ದುಪಡಿಯೂ ನೋಡಿದ್ದು ಜೀವದ ಕಡೆಗೇ. 2022ರ ಏಪ್ರಿಲ್‌ನಿಂದ ಹಿಟ್ ಅಂಡ್ ರನ್ ಸಾವಿಗೆ ಪರಿಹಾರ 2 ಲಕ್ಷಕ್ಕೇರಿತು. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇವೆಲ್ಲ ಬೇಕಾದವೇ. ಆದರೆ ಸಣ್ಣ ಡಿಕ್ಕಿಗೆ ಕೋರ್ಟಿಲ್ಲದೆ, ಜಗಳವಿಲ್ಲದೆ ಗುದ್ದಿದವನ ಪಾಲಿಸಿಯಿಂದ ದುಡ್ಡು ಬರುವ ಸರಳ ವ್ಯವಸ್ಥೆ ನಮ್ಮಲ್ಲಿ ಇನ್ನೂ ಆಗಬೇಕು. ಡಿಜಿಲಾಕರ್‌ನಲ್ಲಿ ಆರ್‌ಸಿ ಇದೆ, ಡ್ಯಾಶ್‌ಕ್ಯಾಮ್‌ನಲ್ಲಿ ವಿಡಿಯೋ ಇದೆ, ಪಾಲಿಸಿ ನಂಬರ್ ಆನ್‌ಲೈನ್‌ನಲ್ಲಿದೆ. ಇದಕ್ಕೊಂದು ಸಾಫ್ಟ್‌ವೇರ್ ಬರೆಯೋದು ವೈಟ್‌ಫೀಲ್ಡಿನ ಹುಡುಗರಿಗೆ ದೊಡ್ಡ ಕೆಲಸವಲ್ಲ. ದೊಡ್ಡ ಕೆಲಸ ಇರೋದು ನಿಯಮ ಬದಲಿಸೋದರಲ್ಲಿ.

ಅಲ್ಲಿವರೆಗೆ ಮಾಡಬಹುದಾದ್ದು ಇಷ್ಟು. ಗಾಡಿ ಪಕ್ಕಕ್ಕೆ ಹಾಕಿ, ಯಾರಿಗಾದರೂ ಪೆಟ್ಟಾಗಿದೆಯಾ ಅಂತ ಮೊದಲು ನೋಡಿ, ಆಗಿದ್ದರೆ ಆಸ್ಪತ್ರೆ, ಪೊಲೀಸು, ಉಳಿದದ್ದೆಲ್ಲ ಆಮೇಲೆ. ಬರೀ ತಗಡಿನ ವಿಷಯ ಆದರೆ ಎರಡೂ ಗಾಡಿಯ ಫೋಟೋ, ನಂಬರ್, ಪಾಲಿಸಿ ವಿವರ ತಗೊಳ್ಳಿ. ರಿಪೇರಿಗೆ ಬಿಡೋ ಮುಂಚೆ ಕಂಪನಿಗೆ ತಿಳಿಸಿ, ಕ್ಲೇಮ್ ಮಾಡೋದೋ ಬೇಡವೋ ಅಂತ ಮೇಲಿನ ಲೆಕ್ಕ ಹಾಕಿ ನೋಡಿ. ಎದುರಿಗಿರೋನು ದಿನಗೂಲಿ ಡ್ರೈವರ್ ಆಗಿದ್ದರೆ ಕೀ ಕಿತ್ಕೊಳ್ಳೋ ಬದಲು ಮಾಲೀಕನ ನಂಬರ್ ಕೇಳಿ. ವಿಮೆ ಮಾಡಿಸಿರೋದು ಮಾಲೀಕ, ಮಾತಾಡಬೇಕಾದ್ದೂ ಅವನ ಜೊತೆಗೇ.