ಕೆಂಪು ಗೆರೆ ಎಲ್ಲಿಂದ ಬಂತು?

ಎಡಿಟರ್‌ನಲ್ಲಿ ಕೋಡ್ ಬರೆಯುತ್ತಿರುವಾಗಲೇ ತಪ್ಪಿರುವ ಸಾಲಿನಡಿ ಕೆಂಪು ಗೆರೆ ಮೂಡುವುದು ಈಗ ಮಾಮೂಲು. ಯಂತ್ರದ ಜಾಣತನ ಬೆಳೆದದ್ದರಿಂದ ಇದು ಸಾಧ್ಯವಾಯಿತು ಎಂದುಕೊಳ್ಳುವವರು ಬಹಳ. ಆದರೆ ತಪ್ಪು ಹಿಡಿಯುವ ವಿದ್ಯೆಯ ಬುನಾದಿ 1970ರ ದಶಕದಲ್ಲೇ ಬಿದ್ದಿತ್ತು. ಆ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ‘ಲಿಂಟ್’ ಎಂಬ ತಪಾಸಣಾ ಪ್ರೋಗ್ರಾಂ ಬರೆದರು. ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು 16 ಬಿಟ್‌ನ ಪಿಡಿಪಿ-11ರಿಂದ 32 ಬಿಟ್‌ನ ಇಂಟರ್‌ಡೇಟಾ 8/32ಕ್ಕೆ ಒಯ್ಯುತ್ತಿದ್ದ ಕಾಲವದು. ಒಂದು ಯಂತ್ರದಲ್ಲಿ ಹೇಗೋ ನಡೆದುಹೋಗುತ್ತಿದ್ದ ಕೋಡ್ ಇನ್ನೊಂದರಲ್ಲಿ ಮುಗ್ಗರಿಸುತ್ತಿತ್ತು. ಕಂಪೈಲರ್‌ಗೆ ವೇಗವೇ ಮುಖ್ಯ, ಅದು ಕಡತಗಳನ್ನು ಬಿಡಿಬಿಡಿಯಾಗಿ ನೋಡುತ್ತಿತ್ತು. ಲಿಂಟ್ ಎಲ್ಲವನ್ನೂ ಒಟ್ಟಿಗಿಟ್ಟು ನಿಧಾನವಾಗಿ ತಾಳೆ ನೋಡುತ್ತಿತ್ತು: ಮೂರು ಆರ್ಗ್ಯುಮೆಂಟ್ ಬೇಡುವ ಫಂಕ್ಷನ್ನಿಗೆ ಬೇರೊಂದು ಕಡತ ಎರಡನ್ನೇ ಕೊಟ್ಟಿದೆಯೇ? ಋಣಸಂಖ್ಯೆ ಹಿಡಿಯಲಾರದ ವೇರಿಯಬಲ್ ಸೊನ್ನೆಗಿಂತ ಕಡಿಮೆಯೇ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ? 1979ರ ಯುನಿಕ್ಸ್ ಏಳನೇ ಆವೃತ್ತಿಯೊಂದಿಗೆ ಅದು ಹೊರಗಿನವರ ಕೈಗೂ ಬಂತು.

ಹಾಗಾದರೆ ಮುಂದೆ ಬದಲಾದದ್ದೇನು? ತಪ್ಪಿಗೂ ಎಚ್ಚರಿಕೆಗೂ ನಡುವಿನ ಸಮಯ. ಲಿಂಟನ್ನು ನೆನಪಿಟ್ಟು ಪ್ರತ್ಯೇಕವಾಗಿ ಓಡಿಸಬೇಕಿತ್ತು. ಮರೆತರೆ ಅದು ಇದ್ದೂ ಇಲ್ಲದಂತೆ. 2007ರಲ್ಲಿ ಈಮ್ಯಾಕ್ಸ್ ಎಡಿಟರ್‌ನ 22ನೇ ಆವೃತ್ತಿಗೆ ‘ಫ್ಲೈಮೇಕ್’ ಸೇರಿ, ಟೈಪ್ ಮಾಡುತ್ತಿರುವಾಗಲೇ ಹಿನ್ನೆಲೆಯಲ್ಲಿ ತಪಾಸಣೆ ನಡೆಯತೊಡಗಿತು. ವಿಮ್ ಎಂಬ ಇನ್ನೊಂದು ಎಡಿಟರ್‌ನ ಬಳಕೆದಾರರ ‘ಸಿಂಟಾಸ್ಟಿಕ್’ ಪ್ಲಗಿನ್ ಕಡತ ಉಳಿಸಿದಾಗ ಪರೀಕ್ಷೆ ನಡೆಸುತ್ತಿತ್ತಾದರೂ ಅದು ಮುಗಿಯುವತನಕ ಎಡಿಟರ್ ಕಾಯಬೇಕಿತ್ತು. 2016ರ ವಿಮ್ 8 ಹಿನ್ನೆಲೆ ಕೆಲಸಗಳಿಗೆ ದಾರಿ ಮಾಡಿದ ಮೇಲೆ ಆ ಕಾಯುವಿಕೆ ಇಲ್ಲದ ತಪಾಸಣೆ ಸಾಧ್ಯವಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ಮುಂದಿಟ್ಟ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್‌ನಿಂದ ಪ್ರತಿ ಭಾಷೆಗೂ ಪ್ರತಿ ಎಡಿಟರ್‌ನಲ್ಲೂ ತಪಾಸಣೆ ಜೋಡಿಸಲು ಹೊಸದಾಗಿ ಹೆಣಗುವ ಕಷ್ಟ ಕಡಿಮೆಯಾಯಿತು.

ಕ್ಷಣಕ್ಷಣಕ್ಕೂ ಯಂತ್ರ ಎಚ್ಚರಿಸುತ್ತಿದ್ದರೆ ಬರೆಯುವವರು ಯೋಚಿಸುವುದನ್ನೇ ಬಿಡುತ್ತಾರೆ, ಸುಳ್ಳು ಎಚ್ಚರಿಕೆಗಳ ಗದ್ದಲದಲ್ಲಿ ನಿಜವಾದದ್ದು ಕಳೆದುಹೋಗುತ್ತದೆ ಎಂಬ ಆಕ್ಷೇಪವಿದೆ. ಎರಡನೆಯ ಮಾತು ನಿಜವೇ. ಲಿಂಟ್ ಕೂಡ ತಪ್ಪಲ್ಲದ್ದನ್ನು ತಪ್ಪೆನ್ನುತ್ತಿತ್ತು. ಅದಕ್ಕೇ ಜಾನ್ಸನ್ ಒಂದು ಉಪಾಯ ಇಟ್ಟಿದ್ದರು: ಕೋಡ್ ಈ ಸಾಲಿಗೆ ಬಂದು ಮುಟ್ಟುವುದಿಲ್ಲ ಎಂದು ಗೊತ್ತಿದ್ದರೆ ಅಲ್ಲಿ ‘ನಾಟ್‌ರೀಚ್ಡ್’ ಎಂಬ ಕಾಮೆಂಟ್ ಬರೆದು ಅದರ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಬರೆಯಬೇಕಾದರೆ ಮೊದಲು ಯೋಚಿಸಲೇಬೇಕು. ಆಕ್ಷೇಪದ ಮೊದಲ ಭಾಗ ಸಡಿಲವಾಗುವುದು ಇಲ್ಲೇ. ಹೀಗೆ ಎಚ್ಚರಿಕೆಯನ್ನು ಸುಮ್ಮನಾಗಿಸುವ ಹಕ್ಕನ್ನು ಕಡೆಗಣಿಸಿದ ಸಲಕರಣೆಗಳ ವಿರುದ್ಧ ಬಳಕೆದಾರರು ತಿರುಗಿಬಿದ್ದಿದ್ದಾರೆ. 2002ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗಾಗಿ ಡಗ್ಲಸ್ ಕ್ರಾಕ್‌ಫರ್ಡ್ ತಂದ ‘ಜೆಎಸ್‌ಲಿಂಟ್’ ಅವರ ಅಭಿರುಚಿಯನ್ನೇ ಎಲ್ಲರ ಮೇಲೆ ಹೇರುತ್ತದೆಂಬ ಅಸಮಾಧಾನದಿಂದ 2011ರಲ್ಲಿ ‘ಜೆಎಸ್‌ಹಿಂಟ್’ ಕವಲೊಡೆಯಿತು. 2013ರಲ್ಲಿ ನಿಕೋಲಸ್ ಝಾಕಸ್ ಶುರುಮಾಡಿದ ‘ಇಎಸ್‌ಲಿಂಟ್’ನಲ್ಲಂತೂ ಯಾವ ನಿಯಮವನ್ನಾದರೂ ಆಫ್ ಮಾಡಿಡಬಹುದು, ಹೊಸದನ್ನು ಬರೆದು ಸೇರಿಸಲೂಬಹುದು. ಆದ್ದರಿಂದ ಎಡಿಟರ್‌ಗೆ ತಪಾಸಣೆ ಜೋಡಿಸುವವರು ಪ್ಲಗಿನ್ ಹಾಕಿ ಸುಮ್ಮನಾಗಬಾರದು. ನಿಯಮಗಳ ಪಟ್ಟಿಯನ್ನು ತಂಡವಾಗಿ ಕೂತು ಓದಿ, ಬೇಡದ್ದನ್ನು ತೆಗೆದುಹಾಕಬೇಕು.